ಚಾಂದನಿ ಚೌಕದ ಪಕ್ಷಿ ಆಸ್ಪತ್ರೆ: ಗಿಳಿಗೆ ಜಾಗವುಂಟು, ಹದ್ದಿಗಿಲ್ಲ

ದೆಹಲಿಯ ಕೆಂಪುಕೋಟೆಯ ಎದುರಿಗೆ, ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಒಂದು ಧರ್ಮಾರ್ಥ ಪಕ್ಷಿ ಆಸ್ಪತ್ರೆಯಿದೆ. 1929ರಲ್ಲಿ ಆರಂಭವಾದ ಈ ಆಸ್ಪತ್ರೆಯನ್ನು ನಮ್ಮ ಕಡೆಯಿಂದ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ರಸ್ತೆಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ಹನ್ನೊಂದು ವರ್ಷದಿಂದ ಇದೇ ಊರಿನಲ್ಲಿರುವ ನಾನೂ ಹಾಗೆಯೇ ಹೋದವನು. ಕಳೆದ ಆಗಸ್ಟ್ 15ರ ಸಂಜೆ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕ ಗಿಳಿಯೊಂದು ನಮ್ಮ ಮಹಡಿಯ ಬಟ್ಟೆ ಒಣಹಾಕುವ ತಂತಿಗೆ ತಲೆಕೆಳಗಾಗಿ ಜೋತುಬಿದ್ದಿತ್ತು. ಅದರಿಂದಾಗಿ ಮರುದಿನ ರೋಗಿಯ ಕಡೆಯವನಾಗಿ ಈ ಆಸ್ಪತ್ರೆಯ ಮೆಟ್ಟಿಲು ಹತ್ತಿದೆ.

ಸ್ವಾತಂತ್ರ್ಯ ದಿನದಂದು ಗಾಳಿಪಟ ಹಾರಿಸುವುದು ದೆಹಲಿಯ ಹಳೆಯ ರೂಢಿ. ದಾರಕ್ಕೆ ಗಾಜಿನ ಪುಡಿ ಮೆತ್ತುವುದು ಎದುರಾಳಿಯ ಪಟವನ್ನು ಕತ್ತರಿಸಲೆಂದು, ಆದರೆ ಅದೇ ದಾರ ಹಕ್ಕಿಯ ರೆಕ್ಕೆಯನ್ನೂ ಕೊಯ್ಯುತ್ತದೆ. ಗಾಜು ಅಥವಾ ಲೋಹದ ಪುಡಿ ಮೆತ್ತಿದ ದಾರವನ್ನೂ ನೈಲಾನ್ ಮಾಂಜಾವನ್ನೂ ದೆಹಲಿ ಸರ್ಕಾರ 2017ರ ಜನವರಿಯಲ್ಲೇ ನಿಷೇಧಿಸಿದೆ; ಹಾಗಿದ್ದರೂ ನಮ್ಮ ಗಿಳಿಯ ರೆಕ್ಕೆಗೆ ಮೂರು ಸುತ್ತು ಬಿಗಿದಿದ್ದದ್ದು ಹಲ್ಲಿನಿಂದ ಕಚ್ಚಿದರೂ ಹರಿಯದ ಗುಲಾಬಿ ಬಣ್ಣದ ನೈಲಾನೇ. ಭುಜಕ್ಕೂ ಮಣಿಕಟ್ಟಿಗೂ ನಡುವೆ, ರೆಕ್ಕೆಯ ಮುಂಅಂಚಿನಲ್ಲಿ ಹಕ್ಕಿಗೆ ತೆಳುವಾದ ಚರ್ಮದ ಪದರವೊಂದಿರುತ್ತದೆ. ದಾರ ಮೊದಲು ಕೊಯ್ಯುವುದು ಅದನ್ನೇ. ಅದರೊಳಗೆ ಹಾಯ್ದಿರುವ ಸ್ನಾಯುರಜ್ಜು ಉಳಿದಿದ್ದರೆ ಹಕ್ಕಿ ಮತ್ತೆ ಹಾರುವ ಆಸೆಯುಂಟು, ತುಂಡಾಗಿದ್ದರೆ ಗಾಯ ಮಾಯ್ದರೂ ರೆಕ್ಕೆ ಪೂರ್ತಿ ಬಿಚ್ಚಿಕೊಳ್ಳುವುದು ಕಷ್ಟ. ಈ ಕಾರಣಕ್ಕೆ ದಾರವನ್ನು ಎಳೆದು ಬಿಡಿಸಲು ಹೋಗಬಾರದು. ಎರಡೂ ಬದಿಯಲ್ಲಿ ಕತ್ತರಿಸಿ, ಸುತ್ತಿಕೊಂಡಿರುವುದನ್ನು ಹಾಗೆಯೇ ಬಿಟ್ಟು, ತೂತು ಮಾಡಿದ ರಟ್ಟಿನ ಡಬ್ಬದ ಕತ್ತಲಲ್ಲಿ ಹಕ್ಕಿಯನ್ನು ಇಟ್ಟು ತರಬೇಕು. ಬಾಯಿಗೆ ನೀರು ಹನಿಸಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿರುತ್ತದೆ.

ನನ್ನ ಕೈಗೆ ಆಗ ಸಿಕ್ಕಿದ್ದು ಚರ್ಮದ ಚಪ್ಪಲಿ ಬಂದಿದ್ದ ಡಬ್ಬ. ಜೈನ ಮಂದಿರದ ಬಾಗಿಲಲ್ಲಿ ಪಾದರಕ್ಷೆ ಕಳಚಿಟ್ಟು, ಮುಚ್ಚಳದ ಮೇಲೆ ಅದೇ ಚಪ್ಪಲಿಯ ಚಿತ್ರವಿದ್ದ ಡಬ್ಬವನ್ನು ಎದೆಗೊತ್ತಿಕೊಂಡು ಒಳಗೆ ಹೋಗುವಾಗ ಆದ ಮುಜುಗರ ಇನ್ನೂ ನೆನಪಿದೆ.

ಒಳಗಿನ ಸೇವೆಯ ವಿಷಯದಲ್ಲಿ ನನಗೆ ಹೇಳಲು ಒಳ್ಳೆಯದಷ್ಟೇ ಇದೆ. ಹಕ್ಕಿಯನ್ನು ತಂದವರು ಯಾರು, ಎಲ್ಲಿಯವರು ಎಂಬ ವಿಚಾರಣೆಗಿಂತ ಮೊದಲು ಡಬ್ಬ ತೆರೆಯಲಾಯಿತು. ಒಬ್ಬರು ಗಿಳಿಯ ತಲೆಯ ಮೇಲೆ ಬಟ್ಟೆ ಹೊದಿಸಿ ಕೊಕ್ಕನ್ನು ಬೆರಳುಗಳ ನಡುವೆ ಹಿಡಿದುಕೊಂಡರೆ, ಇನ್ನೊಬ್ಬರು ಸಣ್ಣ ಕತ್ತರಿಯ ತುದಿಯನ್ನು ದಾರದಡಿಗೆ ನುಗ್ಗಿಸಿ ಒಂದೊಂದೇ ಸುತ್ತನ್ನು ಬಿಡಿಸಿದರು. ಚಿಕಿತ್ಸೆಗೆ ಹಣವಿಲ್ಲ, ಕೊಡುವ ಮನಸ್ಸಿದ್ದವರು ಕಾಣಿಕೆ ಕೊಡಬಹುದು. ಸೇರಿಸಿಕೊಂಡ ಹಕ್ಕಿಯನ್ನು ತಂದವರಿಗೆ ಮರಳಿಸದೆ, ಗುಣವಾದ ಮೇಲೆ ಕಟ್ಟಡದ ತಾರಸಿಯಿಂದ ಹಾರಿಬಿಡುತ್ತಾರೆ. ಗಿಳಿಯನ್ನು ಸಾಕಿಕೊಳ್ಳೋಣವೆಂದು ಹಟ ಹಿಡಿದಿದ್ದ ನನ್ನ ಮಗಳಿಗೆ ಇದು ಹಿಡಿಸಲಿಲ್ಲ. ಆದರೆ ನಮ್ಮ ದೇಶದ ಗಿಳಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾದ್ದರಿಂದ ಆಸ್ಪತ್ರೆಯ ನಿಯಮವೇ ಸರಿ. ಪಂಜರಗಳ ಸಾಲಿನಲ್ಲಿ ಕಣ್ಣಿಗೆ ಬಿದ್ದವು ಹೆಚ್ಚಾಗಿ ಪಾರಿವಾಳಗಳೇ; ಬೇಸಿಗೆಯಲ್ಲಿ ಚಾವಣಿಯ ಫ್ಯಾನಿಗೆ ತಾಗಿ ಬರುವವೂ ಅವೇ.

ಹದ್ದುಗಳದು ಬೇರೆ ಕಥೆ. ಮಾಂಸ ತಿನ್ನುವ ಹಕ್ಕಿಗಳಿಗೆ ಇಲ್ಲಿ ಹೊರರೋಗಿಗಳಾಗಿ ಗಾಯ ಕಟ್ಟುತ್ತಾರೆಯೇ ಹೊರತು ಒಳಗೆ ಇಟ್ಟುಕೊಳ್ಳುವುದಿಲ್ಲ. ಮಂದಿರದ ಆವರಣದಲ್ಲಿ ಮಾಂಸ ಉಣಿಸಲಾಗದು ಎಂಬುದು ಶ್ರವಣಬೆಳಗೊಳದ ನಾಡಿನಿಂದ ಬಂದ ನನಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ, ಮತ್ತು ಅದನ್ನು ನಾನು ತಪ್ಪೆನ್ನುವುದೂ ಇಲ್ಲ. ಆದರೆ ನಗರದ ಕಸದ ರಾಶಿಯನ್ನೂ ಮಾಂಸದಂಗಡಿಗಳನ್ನೂ ನಂಬಿ ದಿನವಿಡೀ ನಮ್ಮ ತಾರಸಿಗಳ ಮೇಲೆಯೇ ಸುತ್ತುವ ಹದ್ದು ಮಾಂಜಾಕ್ಕೆ ಸುಲಭದ ತುತ್ತು. ಹರಿದ ರೆಕ್ಕೆಗೆ ಒಂದು ದಿನದ ಪಟ್ಟಿ ಸಾಲದು. ವಾರಗಟ್ಟಲೆ ಆರೈಕೆಯೂ, ಬಿಡುವ ಮುನ್ನ ರೆಕ್ಕೆ ಬಿಚ್ಚಿ ಪಳಗಲು ದೊಡ್ಡ ಬಲೆಮನೆಯೂ ಬೇಕು. ಹಾಗಾಗಿ ಹೆಚ್ಚು ಆಸರೆ ಬೇಕಾದ ಹಕ್ಕಿಗೇ ಇಲ್ಲಿ ಜಾಗವಿಲ್ಲದಂತಾಗಿದೆ.

ಈ ಕೊರತೆಯಿಂದಲೇ ಇನ್ನೊಂದು ಸೇವೆ ಹುಟ್ಟಿತು. ಗಾಯಗೊಂಡ ಹದ್ದೊಂದನ್ನು ಪಕ್ಷಿ ಆಸ್ಪತ್ರೆ ಸೇರಿಸಿಕೊಳ್ಳದಿದ್ದುದನ್ನು ಕಂಡಿದ್ದ ನದೀಮ್ ಶೆಹಜಾದ್ ಮತ್ತು ಮೊಹಮ್ಮದ್ ಸೌದ್ ಎಂಬ ಸಹೋದರರು ಮುಂದೆ ಉತ್ತರ ದೆಹಲಿಯ ವಜೀರಾಬಾದಿನ ತಮ್ಮ ಮನೆಯಲ್ಲೇ ಬೇಟೆಹಕ್ಕಿಗಳ ಶುಶ್ರೂಷೆಗೆ ತೊಡಗಿ, ವೈಲ್ಡ್‌ಲೈಫ್ ರೆಸ್ಕ್ಯೂ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರು ಓದಿ ವೈದ್ಯರಾದವರಲ್ಲ. ಹದ್ದಿನ ರೆಕ್ಕೆಯ ವಿಷಯದಲ್ಲಿ ಅವರಿಗಿರುವ ಹೆಸರು ಮಾತ್ರ ದೊಡ್ಡದು.

ಪಕ್ಷಿ ಆಸ್ಪತ್ರೆಗೆ ಹೋಗುವವರಿಗೆ ಮೆಟ್ರೋದ ಲಾಲ್ ಕಿಲಾ ನಿಲ್ದಾಣ ಹತ್ತಿರ. ಆಗಸ್ಟ್ 15ರ ಬೆಳಿಗ್ಗೆ ಕೋಟೆಯ ಸುತ್ತ ಸಂಚಾರಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಇರುವುದರಿಂದ, ಹಕ್ಕಿಗಳು ಹೆಚ್ಚು ಗಾಯಗೊಳ್ಳುವ ದಿನವೇ ಅಲ್ಲಿಗೆ ತಲುಪುವುದು ಕಷ್ಟ. ಪಾರಿವಾಳ, ಗಿಳಿ, ಗುಬ್ಬಿಗಳಿಗೆ ನಾನು ನಿಸ್ಸಂಕೋಚವಾಗಿ ಈ ಆಸ್ಪತ್ರೆಯನ್ನೇ ಸೂಚಿಸುತ್ತೇನೆ. ಡಬ್ಬದಲ್ಲಿರುವುದು ಹದ್ದಾಗಿದ್ದರೆ ಆಟೋದವನಿಗೆ ಕಾಯಲು ಹೇಳಿಯೇ ಒಳಗೆ ಹೋಗಿ. ಗಾಯ ಕಟ್ಟಿಸಿಕೊಂಡು ಅಲ್ಲಿಂದ ವಜೀರಾಬಾದಿಗೆ ಹೊರಡಬೇಕಾಗುತ್ತದೆ.