'ಟೇಂಟೆಡ್ ಲವ್' ಕೇಳೋದಾದರೆ 12 ಇಂಚಿನ ರೆಕಾರ್ಡೇ ಕೇಳಿ

ಬ್ರಿಟನ್ನಿನ ಇಬ್ಬರ ಪಾಪ್ ತಂಡ ಸಾಫ್ಟ್ ಸೆಲ್‌ನ 'ಟೇಂಟೆಡ್ ಲವ್' ಹಾಡನ್ನು ಕೊಳ್ಳುವವರಿದ್ದರೆ 1981ರ 12 ಇಂಚಿನ ಸಿಂಗಲ್ (ಒಂದೆರಡು ಹಾಡಷ್ಟೇ ಇರುವ ರೆಕಾರ್ಡ್) ಅನ್ನೇ ಹುಡುಕಿ. ರೇಡಿಯೋದಲ್ಲಿ ಬರುವ ಎರಡೂವರೆ ನಿಮಿಷದ ಹಾಡು ಚೆನ್ನಾಗಿಲ್ಲ ಅಂತಲ್ಲ. ಆದರೆ ಅದರಲ್ಲಿ ಕಥೆ ಅರ್ಧಕ್ಕೇ ನಿಲ್ಲುತ್ತದೆ.

ಇದು ಅವರ ಸ್ವಂತ ಹಾಡಲ್ಲ. ಬರೆದವರು ಎಡ್ ಕಾಬ್, ಮೊದಲು ಹಾಡಿದವರು ಅಮೆರಿಕದ ಗ್ಲೋರಿಯಾ ಜೋನ್ಸ್. 1965ರಲ್ಲಿ ಬೇರೊಂದು ಹಾಡಿನ ಹಿಂಬದಿಯಲ್ಲಿ, ಬಿ ಸೈಡ್ ಆಗಿ ಬಂತು. ಯಾರೂ ಕಿವಿಗೊಡಲಿಲ್ಲ. ಆಮೇಲೆ 70ರ ದಶಕದಲ್ಲಿ, ಅಮೆರಿಕದಲ್ಲಿ ಓಡದೇ ಹೋದ ಹಳೇ ರೆಕಾರ್ಡ್‌ಗಳನ್ನೇ ಹುಡುಕಿ ತರಿಸಿ ರಾತ್ರಿಯಿಡೀ ಕುಣಿಯುತ್ತಿದ್ದ ಉತ್ತರ ಇಂಗ್ಲೆಂಡಿನ ನಾರ್ದರ್ನ್ ಸೋಲ್ ಕ್ಲಬ್‌ಗಳಲ್ಲಿ ಅದಕ್ಕೆ ಮತ್ತೆ ಜೀವ ಬಂತು. ಲೀಡ್ಸ್‌ನಲ್ಲಿ ಸಾಫ್ಟ್ ಸೆಲ್ ಕಟ್ಟಿದ ಮಾರ್ಕ್ ಆಲ್ಮಂಡ್ ಮತ್ತು ಡೇವ್ ಬಾಲ್‌ಗೆ ಹಾಡು ಸಿಕ್ಕಿದ್ದು ಆ ದಾರಿಯಲ್ಲೇ.

ಎರಡನ್ನೂ ಒಂದರ ಹಿಂದೊಂದು ಹಾಕಿ ನೋಡಿ. ಗ್ಲೋರಿಯಾ ಅವರದ್ದು ಓಡುತ್ತದೆ. ಡ್ರಮ್ಸ್, ಟ್ರಂಪೆಟ್, ಹಿಂದೆ ಕೋರಸ್, ಕಾಲು ಸುಮ್ನೆ ಇರೋದಿಲ್ಲ. ಸಾಫ್ಟ್ ಸೆಲ್ ವೇಗ ಇಳಿಸಿದರು, ಶ್ರುತಿಯನ್ನೂ ಇಳಿಸಿದರು, ಆ ಗದ್ದಲವನ್ನೆಲ್ಲ ತೆಗೆದು ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯ ತಂದರು. ಮತ್ತೆ ಮತ್ತೆ ಬೀಳುವ ಆ 'ಟಿಂಕ್ ಟಿಂಕ್' ಪೆಟ್ಟು ಒಮ್ಮೆ ಕೇಳಿದರೆ ಮರೆಯೋಕಾಗಲ್ಲ. ಸುತ್ತ ಖಾಲಿ ಜಾಗ ಜಾಸ್ತಿ, ಹಾಗಾಗಿ ಆಲ್ಮಂಡ್ ದನಿಯ ಸಂಕಟ ನೇರವಾಗಿ ತಾಗುತ್ತದೆ. ಗ್ಲೋರಿಯಾ ಸಿಟ್ಟಿನಲ್ಲಿ ಹೊರಟೇಬಿಟ್ಟಿದ್ದಾರೆ. ಇವನು ಹೊರಡ್ತೀನಿ, ಹೊರಡ್ತೀನಿ ಅನ್ನುತ್ತಲೇ ಬಾಗಿಲಲ್ಲಿ ನಿಂತಿದ್ದಾನೆ.

12 ಇಂಚಿನದು ಬೇಕು ಅಂದಿದ್ದು ಇದಕ್ಕೇ. ಸುಮಾರು 9 ನಿಮಿಷದ ಇದರಲ್ಲಿ ಬೀಟ್ ನಿಲ್ಲದೆ ಹಾಡು ಹಾಗೇ ಸುಪ್ರೀಮ್ಸ್ ತಂಡದ 1964ರ 'ವೇರ್ ಡಿಡ್ ಅವರ್ ಲವ್ ಗೋ'ಗೆ ಜಾರುತ್ತದೆ. ನಿನ್ನ ಪ್ರೀತಿಯೇ ಬೇಡ ಅಂದವನು ಮರುಕ್ಷಣವೇ ನಮ್ಮ ಪ್ರೀತಿ ಎಲ್ಲಿ ಹೋಯ್ತು ಅಂತ ಕೇಳುತ್ತಾನೆ. ಎಂಥಾ ಜೋಡಣೆ ಅಲ್ವಾ! ಚಿಕ್ಕದಾದ 7 ಇಂಚಿನ ರೆಕಾರ್ಡಿನಲ್ಲೂ ಎರಡೂ ಹಾಡುಗಳಿವೆ, ಆದರೆ ಎದ್ದು ಹೋಗಿ ರೆಕಾರ್ಡ್ ಮಗುಚಬೇಕು. ಅಷ್ಟರಲ್ಲಿ ಆ ಬಿಸಿ ಆರಿಹೋಗುತ್ತದೆ.

ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅಮೆರಿಕದ ಜನಪ್ರಿಯ ಹಾಡುಗಳ ಹಾಟ್ 100 ಪಟ್ಟಿಯಲ್ಲಿ 43 ವಾರ. ಆದರೂ ಎರಡೂ ಹಾಡು ಬೇರೆಯವರು ಬರೆದಿದ್ದರಿಂದ ಬರಹಗಾರರ ರಾಯಲ್ಟಿ ಆಲ್ಮಂಡ್, ಬಾಲ್ ಇಬ್ಬರಿಗೂ ಬರಲೇ ಇಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಗ್ಲೋರಿಯಾ ಅವರ ಹಾಡು ಹುಡುಕುವಾಗ ಮಾತ್ರ ವರ್ಷ ನೋಡಿಕೊಳ್ಳಿ. 1976ರಲ್ಲಿ ಅವರೇ ಮತ್ತೊಮ್ಮೆ ಹಾಡಿದ್ದಾರೆ, ಅದರಲ್ಲಿ ಮೊದಲಿನ ರಭಸ ಇಲ್ಲ. 1965ರದ್ದನ್ನೇ ತಗೊಳ್ಳಿ.