ಜೆರ್ಸಿ ಸಿಟಿಯಲ್ಲಿ ಚಾರ್ಟರ್ ಶಾಲೆ ಹುಡುಕುತ್ತಿದ್ದೀರಾ? ಸೀಟಿಗೆ ಹೂಂ ಅನ್ನುವ ಮುಂಚೆ ಇದನ್ನು ಓದಿ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ ಮಗುವನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಲು ಓಡಾಡುತ್ತಿರುವ ಕನ್ನಡದವರು ದಯವಿಟ್ಟು ಪೂರ್ತಿ ಓದಿ. ಶಾಲೆಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ನಮ್ಮ ಮಗುವಿಗೆ ನೆರವು ಕೇಳಿದಾಗ ಒಂದು ಚಾರ್ಟರ್ ಶಾಲೆಯಿಂದ ನಮಗೆ ಸಿಕ್ಕ ಉತ್ತರಗಳೇ ನಿಮಗೆ ಇನ್ನೊಂದು ಶಾಲೆಯಲ್ಲಿ ಸಿಗಬಹುದು, ಹಾಗಾಗಿ ಆ ಉತ್ತರಗಳನ್ನು ಗುರುತು ಹಿಡಿಯುವುದು ಮುಖ್ಯ. ಸಿಟ್ಟು ಇನ್ನೂ ಇಳಿದಿಲ್ಲ. ಹೇಳಿದ್ದನ್ನೇ ಹೇಳಿದರೆ ಸಹಿಸಿಕೊಳ್ಳಿ.

ಹೊಸದಾಗಿ ಬಂದವರಿಗೆ: ಚಾರ್ಟರ್ ಶಾಲೆ ಅಂದರೆ ನಮ್ಮೂರ ಅನುದಾನಿತ ಶಾಲೆಯ ಹಾಗೆ. ದುಡ್ಡು ಸರ್ಕಾರದ್ದು, ಆಡಳಿತ ಬೇರೆ ಮಂಡಳಿಯದ್ದು. ಫೀಸ್ ಇಲ್ಲ, ಅರ್ಜಿ ಹೆಚ್ಚಾದರೆ ಲಾಟರಿ. ನ್ಯೂಜೆರ್ಸಿಯಲ್ಲಿ ಪರವಾನಗಿ ಕೊಡುವುದು ರಾಜ್ಯದ ಶಿಕ್ಷಣ ಇಲಾಖೆ ಒಂದೇ. ಮೊದಲ ಸಲ 4 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ.

ಟೂರ್ ದಿನ, ಅಂದರೆ ಪೋಷಕರಿಗೆ ಶಾಲೆ ತೋರಿಸುವ ದಿನ, ಎಲ್ಲವೂ ಚೆಂದ. ಸಾಲಾಗಿ ನಡೆಯುವ ಮಕ್ಕಳು, ಗೋಡೆ ತುಂಬಾ ಚಿತ್ರ. "ಈ ಊರಿನ ಡಿಸ್ಟ್ರಿಕ್ಟ್ ಎಷ್ಟು ಕೆಟ್ಟಿತ್ತು ಅಂದರೆ 1989ರಲ್ಲಿ ರಾಜ್ಯವೇ ಅದನ್ನು ವಶಕ್ಕೆ ತೆಗೆದುಕೊಂಡಿತು" ಎಂದು ಹೆದರಿಸಿದರು. (ಡಿಸ್ಟ್ರಿಕ್ಟ್ ಅಂದರೆ ಊರಿನ ಮಾಮೂಲಿ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ.) ಅದು ನಿಜ. ಆದರೆ 2022ರಲ್ಲಿ ಪೂರ್ತಿ ಅಧಿಕಾರ ಸ್ಥಳೀಯ ಮಂಡಳಿಗೆ ವಾಪಸ್ ಬಂತು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಆಮೇಲೆ ವೇಟ್‌ಲಿಸ್ಟ್: "ನೂರಾರು ಮಕ್ಕಳು ಕಾಯ್ತಿದ್ದಾರೆ, ಬೇಗ ತಿಳಿಸಿ." ಒಂದೇ ಮನೆಯವರು ನಾಲ್ಕೈದು ಚಾರ್ಟರ್‌ಗೆ ಅರ್ಜಿ ಹಾಕಿರುತ್ತಾರೆ, ಅಷ್ಟೂ ಪಟ್ಟಿಯಲ್ಲಿ ಅದೇ ಮಗುವಿನ ಹೆಸರಿರುತ್ತದೆ. ಉದ್ದನೆಯ ಪಟ್ಟಿ ನೋಡಿ ಶಾಲೆ ಒಳ್ಳೆಯದು ಅಂದುಕೊಳ್ಳಬೇಡಿ. ಕೇಳಬೇಕಾದ ಪ್ರಶ್ನೆ ಬೇರೆ: ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಉಳಿದುಕೊಂಡರು?

ಈಗ ನಮ್ಮನ್ನು ಹೇಗೆ ಮೂರ್ಖರನ್ನಾಗಿ ಮಾಡಿದರು ಎಂಬುದು. ದಾಖಲಾತಿಯಲ್ಲಿ ಮನೆಭಾಷೆಯ ಒಂದು ಹಾಳೆ ಇರುತ್ತದೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಯಾವುದು ಆಡುತ್ತೀರಿ ಅಂತ. ಕನ್ನಡ ಎಂದೆವು. ಆಫೀಸಿನಾಕೆ, "ಇಂಗ್ಲಿಷೂ ಮಾತಾಡ್ತೀರಲ್ಲ? ಇಂಗ್ಲಿಷ್ ಅಂತಲೇ ಹಾಕ್ತೀನಿ, ಇಲ್ಲದಿದ್ರೆ ಮಗುವನ್ನ ಕ್ಲಾಸಿಂದ ಎಬ್ಬಿಸಿ ಪರೀಕ್ಷೆ ಮಾಡ್ತಾರೆ" ಎಂದು ಹೇಳಿ, ತಾನೇ ಟೈಪ್ ಮಾಡಿ, ಸಹಿ ಹಾಕಿಸಿಕೊಂಡಳು. ಮಗುವಿಗೆ ಮಾತು ತಡವಾಗುತ್ತಿದೆ, ಎರಡು ಹಂತದ ಸೂಚನೆ ಕೊಟ್ಟರೆ ಹಿಡಿಯುವುದಿಲ್ಲ, ಮೌಲ್ಯಮಾಪನ ಮಾಡಿಸಿ ಎಂದು ಕೆಲವು ತಿಂಗಳ ಮೇಲೆ ಕೇಳಿದಾಗ ಅದೇ ಶಾಲೆಯ ಉತ್ತರ ಕೇಳಿ: "ಮನೆಯಲ್ಲಿ ಕನ್ನಡ ಆಡ್ತೀರಲ್ಲ, ಅದಕ್ಕೇ ನಿಧಾನ. ಕಾದು ನೋಡಿ." ಫೈಲಿನಲ್ಲಿ ಮನೆಭಾಷೆ ಇಂಗ್ಲಿಷ್! ತಾವೇ ಟೈಪ್ ಮಾಡಿದ್ದು! ಇಎಸ್‌ಎಲ್ (ಇಂಗ್ಲಿಷ್ ಕಲಿಕೆಯ ನೆರವು) ಕೊಡದಿರಲು ಇಂಗ್ಲಿಷ್ ಆಯಿತು, ಸ್ಪೀಚ್ ಥೆರಪಿ ಕೊಡದಿರಲು ಕನ್ನಡ ಆಯಿತು. ಎರಡೂ ಕಡೆ ಮಗುವಿಗೆ ಏನೂ ಸಿಗಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆ, ಹೊಟ್ಟೆಯುರಿ ಎರಡೂ ಆಗುತ್ತದೆ.

ಆ ಹಾಳೆ ಯಾಕೆ ಅಷ್ಟು ಮುಖ್ಯ? ಕನ್ನಡ ಎಂದು ಬರೆದರೆ ಮಗುವಿಗೆ ಒಂದು ಸಣ್ಣ ಇಂಗ್ಲಿಷ್ ಪರೀಕ್ಷೆ ಇರುತ್ತದೆ (ಇಲ್ಲಿ ವಿಡಾ ಪರೀಕ್ಷೆ). ಇಂಗ್ಲಿಷ್ ಸಾಕಷ್ಟಿದ್ದರೆ ಅಲ್ಲಿಗೆ ಮುಗಿಯಿತು, ಕಡಿಮೆ ಇದ್ದರೆ ನೆರವು ಸಿಗುತ್ತದೆ. ಮುಂದೆ ಮಾತಿನ ಅಥವಾ ಕಲಿಕೆಯ ಮೌಲ್ಯಮಾಪನ ಬೇಕಾದಾಗ, ಸಾಧ್ಯವಿರುವಷ್ಟೂ ಮಗುವಿನ ಸ್ವಂತ ಭಾಷೆಯಲ್ಲಿ ಮಾಡಬೇಕೆಂದು ಕೇಂದ್ರ ಕಾನೂನು ಹೇಳುತ್ತದೆ. ದಾಖಲೆಯಲ್ಲಿ ಭಾಷೆಯೇ ತಪ್ಪಾಗಿದ್ದರೆ ಕನ್ನಡ ಬಲ್ಲವರನ್ನು ಯಾಕೆ ಕರೆಸುತ್ತಾರೆ? ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲೂ "ಇಂಗ್ಲಿಷ್ ಅಂತ ಬರೀರಿ, ತಲೆನೋವಿಲ್ಲ" ಎಂಬ ಸಲಹೆ ಓಡಾಡುತ್ತದೆ. ಕೈಮುಗಿಯುತ್ತೇನೆ, ಹಾಗೆ ಹೇಳಿಕೊಡಬೇಡಿ.

ಮುಂದಿನ ಉತ್ತರ: "ಮೊದಲು ನಮ್ಮ ಇಂಟರ್‌ವೆನ್ಷನ್ ತಂಡ ಕೆಲವು ವಾರ ನೋಡಲಿ, ಆಮೇಲೆ ಮೌಲ್ಯಮಾಪನ." ಇದನ್ನು ನಂಬಬೇಡಿ. ತರಗತಿಯಲ್ಲೇ ಹೆಚ್ಚುವರಿ ನೆರವು ಕೊಟ್ಟು ನೋಡುವ ಆ ತಂಡ ತನ್ನ ಕೆಲಸ ಮಾಡಿಕೊಳ್ಳಲಿ, ಅದರ ಹೆಸರಲ್ಲಿ ಮೌಲ್ಯಮಾಪನ ಮುಂದೂಡುವಂತಿಲ್ಲ. ನ್ಯೂಜೆರ್ಸಿಯಲ್ಲಿ ಲಿಖಿತ ಅರ್ಜಿ ತಲುಪಿದ 20 ದಿನದೊಳಗೆ (ಶಾಲಾ ರಜೆಗಳನ್ನು ಬಿಟ್ಟು, ಆದರೆ ಬೇಸಿಗೆ ರಜೆ ಲೆಕ್ಕಕ್ಕಿದೆ) ಸಭೆ ಕರೆಯಬೇಕು. ಮೌಲ್ಯಮಾಪನಕ್ಕೆ ನೀವು ಒಪ್ಪಿಗೆ ಸಹಿ ಹಾಕಿದ ಮೇಲೆ, ಮಗು ಅರ್ಹ ಎಂದಾದರೆ 90 ದಿನದೊಳಗೆ ಐಇಪಿ (ಆ ಮಗುವಿಗೆಂದೇ ಬರೆದ ವಿಶೇಷ ಶಿಕ್ಷಣದ ಯೋಜನೆ) ಜಾರಿಗೆ ಬರಬೇಕು. ಲಿಖಿತ ಅಂದೆ, ಮತ್ತೆ ಹೇಳುತ್ತೇನೆ, ಲಿಖಿತ. ಬಾಗಿಲಲ್ಲಿ ಟೀಚರ್ ಹತ್ತಿರ ಆಡಿದ ಮಾತಿಗೆ ಯಾವ ಗಡುವೂ ಶುರುವಾಗುವುದಿಲ್ಲ. "ವಿಶೇಷ ಶಿಕ್ಷಣದ ಮೌಲ್ಯಮಾಪನ ಕೋರುತ್ತಿದ್ದೇವೆ" ಎಂಬ ಒಂದೇ ವಾಕ್ಯ, ತಾರೀಖು, ಇಮೇಲ್.

"ನಮ್ಮ ಮಾದರಿಯಲ್ಲಿ ಆ ಸೇವೆ ಇಲ್ಲ, ಡಿಸ್ಟ್ರಿಕ್ಟ್‌ನವರನ್ನು ಕೇಳಿ" ಎಂದೂ ಹೇಳಿದರು. ಶುದ್ಧ ಸುಳ್ಳು. ಈ ರಾಜ್ಯದಲ್ಲಿ ಚಾರ್ಟರ್ ಶಾಲೆ ತಾನೇ ಒಂದು ಪ್ರತ್ಯೇಕ ಶಿಕ್ಷಣ ಸಂಸ್ಥೆ, ವಿಶೇಷ ಶಿಕ್ಷಣದ ಜವಾಬ್ದಾರಿ ಅದರ ಮೇಲೆಯೇ ಇದೆ. ಟೂರ್ ದಿನವೇ ಕೇಳಿಬಿಡಿ: ಚೈಲ್ಡ್ ಸ್ಟಡಿ ಟೀಮ್ (ಮೌಲ್ಯಮಾಪನ ಮಾಡುವ ತಜ್ಞರ ತಂಡ) ಶಾಲೆಯ ಸ್ವಂತ ನೌಕರರೋ, ಗುತ್ತಿಗೆಯವರೋ? ವಾರದಲ್ಲಿ ಎಷ್ಟು ದಿನ ಇಲ್ಲಿರುತ್ತಾರೆ? ಸ್ಪೀಚ್ ಥೆರಪಿಸ್ಟ್ ಯಾವ ದಿನ ಬರುತ್ತಾರೆ? ನಿಮ್ಮ ಮಗುವಿಗೆ ಬೇಕಿಲ್ಲದಿದ್ದರೂ ಕೇಳಿ. ತಡವರಿಸಿದರೆ ಹೊರಗೆ ಬನ್ನಿ.

ಆಮೇಲೆ ಫೋನ್ ಶುರುವಾಯಿತು. "ಇವತ್ತು ಸ್ವಲ್ಪ ಕಷ್ಟ ಆಗ್ತಿದೆ, ಬಂದು ಕರ್ಕೊಂಡು ಹೋಗಿ." ಮೇಲಿಂದ ಮೇಲೆ ಇದೇ. ನ್ಯೂಜೆರ್ಸಿಯಲ್ಲಿ ಕಿಂಡರ್‌ಗಾರ್ಟನ್‌ನಿಂದ ಎರಡನೇ ತರಗತಿವರೆಗೆ, ಇತರರಿಗೆ ಅಪಾಯ ತರುವ ಹಿಂಸೆ ಅಥವಾ ಲೈಂಗಿಕ ವರ್ತನೆ ಬಿಟ್ಟು ಬೇರೆ ಕಾರಣಕ್ಕೆ ಮಗುವನ್ನು ಸಸ್ಪೆಂಡ್ ಮಾಡಿ ಮನೆಗೆ ಕಳಿಸುವಂತಿಲ್ಲ, ಚಾರ್ಟರ್‌ಗೂ ಇದೇ ನಿಯಮ. ಹಾಗಾಗಿ ಸಸ್ಪೆನ್ಷನ್ ಎಂದು ಬರೆಯದೆ ಫೋನಿನಲ್ಲೇ ಮುಗಿಸುತ್ತಾರೆ, ಶಾಲೆಯ ಸಸ್ಪೆನ್ಷನ್ ಅಂಕಿ ಸೊನ್ನೆಯಾಗಿಯೇ ಉಳಿಯುತ್ತದೆ. ಫೋನ್ ಬಂದಾಗ ಇಷ್ಟು ಕೇಳಿ: "ಇದು ಸಸ್ಪೆನ್ಷನ್ನಾ? ಹೌದಾದರೆ ಕಾರಣ ಬರೆದು ಕಳಿಸಿ. ಅಲ್ಲವಾದರೆ ಮಗು ತರಗತಿಯಲ್ಲೇ ಇರಲಿ." ಆಟದ ಬಿಡುವಿನ ಬಗ್ಗೆಯೂ ಕೇಳಿ. ಐದನೇ ತರಗತಿವರೆಗೆ ದಿನಕ್ಕೆ 20 ನಿಮಿಷ ಕೊಡಲೇಬೇಕು. ಬಾಡಿಗೆ ಕಟ್ಟಡದ ಶಾಲೆಯಾದರೆ ಅಂಗಳ ಎಲ್ಲಿದೆ, ತೋರಿಸಿ ಎನ್ನಿ.

ಕೊನೆಗೆ ಪ್ರಿನ್ಸಿಪಾಲ್ ಹೇಳಿದ್ದು: "ಈ ಶಾಲೆ ನಿಮ್ಮ ಮಗುವಿಗೆ ಸರಿಯಾದ ಫಿಟ್ ಅಲ್ಲವೇನೋ." ಎಷ್ಟು ಮೆತ್ತಗೆ, ನಗುತ್ತಾ. ಹೊರಗೆ ಹಾಕುತ್ತೇವೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ಹೊರಡುವ ಹಾಗೆ ಮಾಡುತ್ತಾರೆ.

ಇದೆಲ್ಲ ಮೊದಲೇ ಅಂಕಿಗಳಲ್ಲಿ ಕಾಣುತ್ತದೆ. ರಾಜ್ಯ ಪ್ರತಿ ವರ್ಷ ಪ್ರತಿ ಶಾಲೆಯ ಸ್ಕೂಲ್ ಪರ್ಫಾರ್ಮೆನ್ಸ್ ರಿಪೋರ್ಟ್ ಹಾಕುತ್ತದೆ. ಅದರಲ್ಲಿ ಮೊದಲು ಪರೀಕ್ಷೆಯ ಅಂಕ ನೋಡಬೇಡಿ, ತರಗತಿವಾರು ಮಕ್ಕಳ ಸಂಖ್ಯೆ ನೋಡಿ. ಎರಡು ವರ್ಷದ ಹಿಂದಿನ ವರದಿ ತೆಗೆಯಿರಿ. ಅಂದು ಕಿಂಡರ್‌ಗಾರ್ಟನ್‌ನಲ್ಲಿ 60 ಮಕ್ಕಳಿದ್ದು ಈಗ ಎರಡನೇ ತರಗತಿಯಲ್ಲಿ 42 ಇದ್ದರೆ, 18 ಸೀಟು ಖಾಲಿಯೇ ಉಳಿದಿವೆ, ಅವಕ್ಕೆ ವೇಟ್‌ಲಿಸ್ಟ್‌ನಿಂದ ಯಾರನ್ನೂ ತುಂಬಿಲ್ಲ. ನೂರಾರು ಮಂದಿ ಕಾಯುತ್ತಿದ್ದರೆ ಯಾಕೆ ತುಂಬಲಿಲ್ಲ? ಈ ಪ್ರಶ್ನೆಯನ್ನು ಟೂರ್‌ನಲ್ಲಿ ಎಲ್ಲರೆದುರು ಕೇಳಿ. ಈ ಎಣಿಕೆ ಅಕ್ಟೋಬರ್ 15ರದ್ದು, ಹಾಗಾಗಿ ನವೆಂಬರ್‌ನಲ್ಲಿ ಹೋದ ಮಗು ಆ ವರ್ಷದ ವರದಿಯಲ್ಲಿ ಇದ್ದೇ ಇರುತ್ತದೆ. ಒಂದೇ ವರ್ಷದ ವರದಿ ಸಾಲದು. ರಾಜ್ಯ ಪರೀಕ್ಷೆ ಶುರುವಾಗುವುದು ಮೂರನೇ ತರಗತಿಯಿಂದ, ಕಷ್ಟಪಡುವ ಮಕ್ಕಳು ಅದಕ್ಕೂ ಮುಂಚೆ ಹೊರಟುಹೋಗಿದ್ದರೆ ಉಳಿದವರ ಅಂಕ ಚೆನ್ನಾಗಿಯೇ ಇರುತ್ತದೆ. ಅದೇ ವರದಿಯಲ್ಲಿ ವಿಶೇಷ ಶಿಕ್ಷಣದ ಮಕ್ಕಳ ಪಾಲು, ಟೀಚರ್‌ಗಳ ಅನುಭವ, ಎಷ್ಟು ಟೀಚರ್ ಮರುವರ್ಷ ಉಳಿದರು ಎಂಬುದೂ ಇದೆ. ಹತ್ತಿರದ ಡಿಸ್ಟ್ರಿಕ್ಟ್ ಶಾಲೆಯ ವರದಿಯನ್ನು ಪಕ್ಕದಲ್ಲೇ ಇಟ್ಟು ನೋಡಿ. ಮಂಡಳಿಯ ಸಭೆ ಸಾರ್ವಜನಿಕ, ನಡಾವಳಿ ಕೇಳಿದರೆ ಕೊಡಲೇಬೇಕು. ಒಂದು ಸಭೆಗೆ ಹೋಗಿ ಕೂತರೆ ಟೂರ್‌ಗಿಂತ ಹೆಚ್ಚು ತಿಳಿಯುತ್ತದೆ.

ಬಿಡಲೇಬೇಕಾಗಿ ಬಂದರೆ ಅವಸರದಲ್ಲಿ ಸಹಿ ಹಾಕಬೇಡಿ. ಡಿಸ್ಟ್ರಿಕ್ಟ್ ನಿಮ್ಮ ಮಗುವನ್ನು ವರ್ಷದ ಮಧ್ಯದಲ್ಲೂ ಸೇರಿಸಿಕೊಳ್ಳಲೇಬೇಕು, ಆದರೆ ಮನೆ ಹತ್ತಿರದ ಶಾಲೆ ತುಂಬಿದ್ದರೆ ದೂರದ್ದು ಸಿಗಬಹುದು. ಯಾವ ಶಾಲೆ ಎಂದು ಗೊತ್ತಾದ ಮೇಲಷ್ಟೇ ಟ್ರಾನ್ಸ್‌ಫರ್ ಹಾಳೆ. ನಮಗೆ ಕೊಟ್ಟ ಹಾಳೆಯಲ್ಲಿ ಕಾರಣದ ಜಾಗದಲ್ಲಿ "ಕುಟುಂಬದ ಇಚ್ಛೆ" ಎಂದು ಮೊದಲೇ ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ "ಲಿಖಿತವಾಗಿ ಕೋರಿದ ಮೌಲ್ಯಮಾಪನವನ್ನು ಶಾಲೆ ಮಾಡಲಿಲ್ಲ" ಎಂದು ನಿಮ್ಮ ಕೈಯಲ್ಲೇ ಬರೆಯಿರಿ, ಫೋಟೋ ತೆಗೆದುಕೊಳ್ಳಿ. ಮನೆಭಾಷೆಯ ಹಾಳೆಯನ್ನು ಹೊಸ ಶಾಲೆಯಲ್ಲಿ ಹೊಸದಾಗಿ ತುಂಬಿ, ಕನ್ನಡ ಎಂದೇ. ಮೌಲ್ಯಮಾಪನದ ಹಳೆಯ ಇಮೇಲ್‌ನ ಪ್ರತಿಯನ್ನು ಸೇರಿದ ದಿನವೇ ಅಲ್ಲಿನ ಚೈಲ್ಡ್ ಸ್ಟಡಿ ಟೀಮ್‌ಗೆ ಕೊಟ್ಟು, ತಲುಪಿತೆಂದು ಬರೆಸಿಕೊಳ್ಳಿ.