ವಿಶ್ವವಿದ್ಯಾಲಯದ ಕಾನೂನು ಕೋಶ: ಯಾರ ಕೆಲಸಕ್ಕೆ ಬರುತ್ತದೆ, ಯಾರಿಗೆ ಬರುವುದಿಲ್ಲ

ಬಹುತೇಕ ವಿಶ್ವವಿದ್ಯಾಲಯಗಳ ಆಡಳಿತ ಭವನದಲ್ಲಿ ಕಾನೂನು ಕೋಶ ಎಂಬ ಬೋರ್ಡು ಕಾಣುತ್ತದೆ. ಚಿಕ್ಕ ಕಡೆ ಕುಲಸಚಿವರ ಕೈಕೆಳಗೆ ಒಬ್ಬ ಕಾನೂನು ಅಧಿಕಾರಿ, ಒಬ್ಬಿಬ್ಬರು ಗುಮಾಸ್ತರು ಇದ್ದರೆ ಹೆಚ್ಚು. ದೊಡ್ಡ ಸಂಸ್ಥೆಗಳಲ್ಲಿ ಅದೇ ಒಂದು ಇಲಾಖೆ: ಕರಾರಿಗೆ ಬೇರೆ ವಕೀಲರು, ನೌಕರರ ವ್ಯಾಜ್ಯಕ್ಕೆ ಬೇರೆಯವರು, ಪೇಟೆಂಟಿಗೆ ಮತ್ತೊಬ್ಬರು. ಗಾತ್ರ ಎಷ್ಟೇ ಇರಲಿ, ಈ ಕಚೇರಿಗೆ ಕಕ್ಷಿದಾರ ಒಬ್ಬನೇ. ಅದು ಸಂಸ್ಥೆ. ಕುಲಪತಿಗಳೂ ಅವರ ಖಾಸಗಿ ಕಕ್ಷಿದಾರರಲ್ಲ, ಪ್ರಾಧ್ಯಾಪಕರೂ ಅಲ್ಲ, ವಿದ್ಯಾರ್ಥಿಯಂತೂ ಅಲ್ಲವೇ ಅಲ್ಲ. ಈ ಕಚೇರಿಯ ಬಗ್ಗೆ ಕೇಳಿಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಇದನ್ನು ತಿಳಿಯದೆ ಹೋದವರದು. ಆದ್ದರಿಂದ ಸೇವೆಯನ್ನು ಒಟ್ಟಾರೆ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವ ಬದಲು ಯಾವ ಕೆಲಸಕ್ಕೆ ಹೇಗೆ ಎಂದು ನೋಡುವುದೇ ಸರಿ.

ಮೊದಲಿಗೆ ಕರಾರು ಪರಿಶೀಲನೆ. ಇದಕ್ಕೆ ಐದಕ್ಕೆ ನಾಲ್ಕೂವರೆ ಅಂಕ ಧಾರಾಳವಾಗಿ ಕೊಡಬಹುದು. ಪ್ರಾಯೋಜಿತ ಸಂಶೋಧನೆ, ಹೊರಗಿನ ಸಂಸ್ಥೆಯ ಜೊತೆಗಿನ ಎಂಒಯು (ತಿಳಿವಳಿಕೆ ಪತ್ರ), ಕಂಪನಿ ಕಳಿಸಿದ ಗೌಪ್ಯತಾ ಒಪ್ಪಂದ, ಉಪಕರಣದ ವಾರ್ಷಿಕ ನಿರ್ವಹಣೆ, ಇವೆಲ್ಲ ಇಲ್ಲಿಂದ ಹಾಯ್ದೇ ಹೋಗಬೇಕು. ಇಲ್ಲಿನವರ ಕಣ್ಣು ನೇರವಾಗಿ ಹೋಗಿ ನಿಲ್ಲುವ ಷರತ್ತುಗಳು ಕೆಲವಿವೆ: ಎದುರಿನವರಿಗೆ ಆದ ನಷ್ಟವನ್ನೆಲ್ಲ ವಿಶ್ವವಿದ್ಯಾಲಯವೇ ತುಂಬಿಕೊಡಬೇಕೆಂಬ ಮಾತು, ವ್ಯಾಜ್ಯ ಬಂದರೆ ಯಾವ ಊರಿನ ನ್ಯಾಯಾಲಯ ಎಂಬುದು, ಫಲಿತಾಂಶದ ಒಡೆತನ, ಪ್ರಬಂಧ ಪ್ರಕಟಣೆಗೆ ಕಂಪನಿಯ ಪೂರ್ವಾನುಮತಿ, ನೋಟಿಸ್ ಕೊಡದಿದ್ದರೆ ತಾನಾಗಿ ನವೀಕರಣವಾಗುವ ಅವಧಿ. ಪಿಎಚ್‌ಡಿ ವಿದ್ಯಾರ್ಥಿ ಆ ಯೋಜನೆಯಲ್ಲಿದ್ದರೆ ಪ್ರಕಟಣೆಯ ಷರತ್ತನ್ನು ಮಾರ್ಗದರ್ಶಕರೇ ಎತ್ತಿ ತೋರಿಸಬೇಕು. ಕಂಪನಿ ಒಪ್ಪುವವರೆಗೆ ಏನನ್ನೂ ಪ್ರಕಟಿಸುವಂತಿಲ್ಲ ಎಂದಿದ್ದರೆ ಮಹಾಪ್ರಬಂಧವೇ ಕುತ್ತಿಗೆಗೆ ಬರುತ್ತದೆ.

ತಡವಾಗುತ್ತದೆ ಎಂಬ ಗೊಣಗಾಟ ಎಲ್ಲೆಡೆ ಇದೆ. ಅದರಲ್ಲಿ ಅರ್ಧ ಕಳಿಸುವವರದೇ ತಪ್ಪು. ಸಹಿಯಾಗದ ಕರಡನ್ನು ಪಿಡಿಎಫ್ ಮಾಡಿ ಕಳಿಸುತ್ತಾರೆ. ತಿದ್ದುಪಡಿ ಹಾಕಲು ಬೇಕಿರುವುದು ವರ್ಡ್ ಕಡತ. ಅನುಬಂಧಗಳನ್ನು ಬಿಟ್ಟು ಮುಖ್ಯ ಪ್ರತಿ ಮಾತ್ರ ಕಳಿಸುತ್ತಾರೆ. ಹಣ, ಗಡುವು, ಹೊಣೆ ಎಲ್ಲ ಅಡಗಿರುವುದು ಅನುಬಂಧದಲ್ಲೇ. ಕರಡಿನ ಜೊತೆಗಿಡುವ ಟಿಪ್ಪಣಿಯಲ್ಲಿ ಆರು ಸಾಲು ಸಾಕು: ಕೆಲಸ ಏನು, ಹಣ ಯಾವ ಕಡೆಯಿಂದ ಯಾವ ಕಡೆಗೆ, ಅವಧಿ ಎಷ್ಟು, ವೈಯಕ್ತಿಕ ಮಾಹಿತಿ ಅಥವಾ ಜೈವಿಕ ಮಾದರಿ ಕೈ ಬದಲಾಗುತ್ತದೆಯೇ, ಎದುರಿನ ವಕೀಲರು ಯಾರು, ಸಹಿಗೆ ಕೊನೆಯ ದಿನ ಯಾವುದು. ಗೌಪ್ಯತಾ ಒಪ್ಪಂದಕ್ಕೆ ವಿಶ್ವವಿದ್ಯಾಲಯದ್ದೇ ನಮೂನೆ ಇದ್ದರೆ ಅದನ್ನೇ ಮೊದಲು ಕಳಿಸಿ. ಎದುರಿನವರ ನಮೂನೆಯನ್ನು ತಿದ್ದುತ್ತ ಕೂತರೆ ಕರಡು ನಾಲ್ಕೈದು ಸಲ ಅತ್ತಿಂದಿತ್ತ ಓಡಾಡುತ್ತದೆ.

ಸಹಿಯ ವಿಷಯದಲ್ಲಿ ಪ್ರಾಧ್ಯಾಪಕರು ಎಡವುವುದು ಹೆಚ್ಚು. ವಿಭಾಗದ ಮುಖ್ಯಸ್ಥರಾದ ಮಾತ್ರಕ್ಕೆ ಸಂಸ್ಥೆಯ ಪರವಾಗಿ ಸಹಿ ಹಾಕುವ ಅಧಿಕಾರ ಬರುವುದಿಲ್ಲ. ಯಾರು, ಎಷ್ಟು ಮೊತ್ತದವರೆಗೆ ಸಹಿ ಹಾಕಬಹುದು ಎಂಬ ಅಧಿಕಾರ ಪ್ರತ್ಯಾಯೋಜನೆಯ ಆದೇಶ ಬೇರೆಯೇ ಇರುತ್ತದೆ. ಅದನ್ನು ಮೀರಿ ಹಾಕಿದ ಸಹಿ ಸಂಸ್ಥೆಯನ್ನು ಕಟ್ಟಿಹಾಕದೆ ಹೋಗಬಹುದು, ಆಗ ಹೊಣೆ ಸಹಿ ಹಾಕಿದವರ ಹೆಗಲಿಗೆ ಬೀಳುವ ಅಪಾಯವಿದೆ. ತಂತ್ರಾಂಶ ಇಳಿಸಿಕೊಳ್ಳುವಾಗ ಒತ್ತುವ 'ಒಪ್ಪಿದೆ' ಗುಂಡಿಯೂ ಕರಾರೇ. ಪ್ರಯೋಗಾಲಯದ ಎಲ್ಲ ಕಂಪ್ಯೂಟರುಗಳಿಗೂ ಹಾಕುವಾಗ ಈ ಗುಂಡಿಯನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಎರಡನೆಯದು ಸಮನ್ಸ್ ಮತ್ತು ನೋಟಿಸು. ಇಲ್ಲಿಯೂ ಕಚೇರಿ ಉಪಯುಕ್ತವೇ, ಆದರೆ ಕಾಗದ ಅವರ ಮೇಜಿಗೆ ಸಮಯಕ್ಕೆ ತಲುಪಿದರೆ ಮಾತ್ರ. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಸಮನ್ಸ್ ತಲುಪಿದ 21 ದಿನದೊಳಗೆ ಉತ್ತರ ಸಲ್ಲಿಸುವುದು ಸಾಮಾನ್ಯ ನಿಯಮ. ಭಾರತದ ಸಿವಿಲ್ ದಾವೆಗಳಲ್ಲಿ ಲಿಖಿತ ಹೇಳಿಕೆಗೆ 30 ದಿನ, ಕಾರಣ ತೋರಿಸಿದರೆ 90ರವರೆಗೆ. ಎಣಿಕೆ ಶುರುವಾಗುವುದು ಕಾಗದ ಕೈಗೆ ತಲುಪಿದ ದಿನದಿಂದ, ಕಾನೂನು ಕೋಶದ ಟಪಾಲು ಪುಸ್ತಕದಲ್ಲಿ ನಮೂದಾದ ದಿನದಿಂದಲ್ಲ. ವಿಭಾಗದ ಟಪಾಲು ಪೆಟ್ಟಿಗೆಯಲ್ಲಿ ರಜೆಯುದ್ದಕ್ಕೂ ಬಿದ್ದಿದ್ದ ಲಕೋಟೆಗೂ ವಾಯಿದೆ ಓಡುತ್ತಲೇ ಇರುತ್ತದೆ. ಹಾಗಾಗಿ ಬಂದ ದಿನ, ಹೊತ್ತು, ಬಂದ ಬಗೆ (ಅಂಚೆಯೋ, ಕೈಯಾರೆಯೋ, ಇಮೇಲೋ), ಪಡೆದವರ ಹೆಸರು ಇವಿಷ್ಟನ್ನು ಕಾಗದದ ಹಿಂಬದಿಯಲ್ಲಲ್ಲ, ಬೇರೆ ಚೀಟಿಯಲ್ಲಿ ಬರೆದು ಲಗತ್ತಿಸಬೇಕು. ಮೂಲ ಪ್ರತಿಯ ಮೇಲೆ ಏನನ್ನೂ ಗೀಚಬಾರದು. ಲಕೋಟೆಯನ್ನು ಎಸೆಯಬಾರದು, ಅಂಚೆ ಮುದ್ರೆ ಇರುವುದು ಅದರ ಮೇಲೆ. ಅದೇ ದಿನ ಸ್ಕ್ಯಾನ್ ಮಾಡಿ ಇಮೇಲ್ ಕಳಿಸಿ, ಮೂಲ ಪ್ರತಿಯನ್ನು ಕೊಟ್ಟು ಸ್ವೀಕೃತಿ ಪಡೆಯಬೇಕು.

ಎದುರು ಕಕ್ಷಿಯ ವಕೀಲರು ಫೋನ್ ಮಾಡಿ 'ಸುಮ್ಮನೆ ಎರಡು ಮಾತು ಕೇಳಬೇಕಿತ್ತು ಸರ್' ಎಂದರೆ, ಅವರ ಹೆಸರು, ನಂಬರು ಬರೆದುಕೊಂಡು ಕಾನೂನು ಕೋಶದ ಕಡೆ ತೋರಿಸಿದರೆ ಸಾಕು. ವಿದ್ಯಾರ್ಥಿಯ ಅಂಕಪಟ್ಟಿ, ಹಾಜರಾತಿ ಕೇಳಿ ಸಮನ್ಸ್ ಬಂದಾಗಲೂ ವಿಭಾಗದವರು ಅಲ್ಲೇ ತೆಗೆದು ಕೊಡಬಾರದು. ವಿದ್ಯಾರ್ಥಿ ದಾಖಲೆಗಳ ಗೌಪ್ಯತೆ ಕಾಯುವ ಅಮೆರಿಕದ 1974ರ ಫೆರ್ಪಾ ಕಾಯ್ದೆಯ ಪ್ರಕಾರ ಇಂಥ ದಾಖಲೆ ಕೊಡುವ ಮುನ್ನ ವಿದ್ಯಾರ್ಥಿಗೆ ತಿಳಿಸಲು ಸಂಸ್ಥೆ ತಕ್ಕ ಪ್ರಯತ್ನ ಮಾಡಬೇಕು, ತಿಳಿಸಕೂಡದೆಂದು ಆದೇಶದಲ್ಲೇ ಹೇಳಿರುವ ಕೆಲವು ಪ್ರಕರಣಗಳನ್ನು ಬಿಟ್ಟು. ಆಕ್ಷೇಪಣೆ ಸಲ್ಲಿಸಲು ವಿದ್ಯಾರ್ಥಿಗೆ ಸಿಗುವ ಕಾಲಾವಕಾಶ ಅದೇ. ಗುಮಾಸ್ತರು ಆತುರಪಟ್ಟರೆ ಅದು ಕೈತಪ್ಪುತ್ತದೆ.

ವ್ಯಾಜ್ಯದ ಸುಳಿವು ಸಿಕ್ಕೊಡನೆ ಇದೇ ಕಚೇರಿಯಿಂದ ಬರುವ ಇನ್ನೊಂದು ಪತ್ರ ಎಲ್ಲರಿಗೂ ಬೇಸರ ತರಿಸುತ್ತದೆ: ಈ ವಿಷಯಕ್ಕೆ ಸಂಬಂಧಿಸಿದ ಯಾವುದನ್ನೂ ಅಳಿಸಬೇಡಿ ಎಂಬ ಸೂಚನೆ. ಇದನ್ನು ಓದಿ ಬದಿಗಿಡುವುದಲ್ಲ. ಇಮೇಲ್ ತಾನಾಗಿ ಅಳಿಯುವ ವ್ಯವಸ್ಥೆ ನಿಲ್ಲಿಸಬೇಕು, ವಾಟ್ಸ್ಆ್ಯಪ್‌ನಲ್ಲಿ ಮಾಯವಾಗುವ ಸಂದೇಶದ ಆಯ್ಕೆ ತೆಗೆಯಬೇಕು, ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಕೊಡುವ ಪಟ್ಟಿಯಿಂದ ಹೊರಗಿಡಬೇಕು. ಖಾಸಗಿ ಫೋನಿನಲ್ಲಿ ಕಚೇರಿ ವಿಷಯ ಮಾತಾಡಿದ್ದರೆ ಅದೂ ಸೇರುತ್ತದೆ. ಪತ್ರದಲ್ಲಿ ಇದನ್ನು ಬಿಡಿಸಿ ಹೇಳುವ ಕಚೇರಿಗಳು ಕಡಿಮೆ, ಒಂದು ಪುಟ ಕಾನೂನಿನ ಭಾಷೆ ಬರೆದು ಕೈತೊಳೆದುಕೊಳ್ಳುವವೇ ಹೆಚ್ಚು. ಇಲ್ಲಿ ಅಂಕ ಕಡಿಯಲೇಬೇಕು.

ಸಾಕ್ಷ್ಯ ಇಟ್ಟುಕೊಳ್ಳುವ ಬಗೆಯೂ ಮುಖ್ಯ. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತದಿಂದಲೇ ಲೆಕ್ಕಹಾಕಿ ಪಡೆಯುವ ಬೆರಳಚ್ಚಿನಂಥ ಸಂಖ್ಯೆ, ನಮೂದಿಸಬೇಕು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದ ಚಿತ್ರ ಕುಗ್ಗುತ್ತದೆ, ಹ್ಯಾಶ್ ಹೊಂದುವುದಿಲ್ಲ. ಮೂಲ ಕಡತವನ್ನು ಹಾಗೇ ಉಳಿಸಿ, ಡಾಕ್ಯುಮೆಂಟ್ ರೂಪದಲ್ಲಿ ಕಳಿಸುವುದು ಲೇಸು. ಇಮೇಲ್ ಆದರೆ ಮುದ್ರಿಸಿದ ಹಾಳೆಗಿಂತ ಪೂರ್ತಿ ಹೆಡರ್ (ಸಂದೇಶ ಎಲ್ಲಿಂದ, ಯಾವಾಗ, ಯಾವ ದಾರಿಯಲ್ಲಿ ಬಂತೆಂಬ ವಿವರ) ಇರುವ ಮೂಲ ಸಂದೇಶಕ್ಕೆ ತೂಕ ಹೆಚ್ಚು.

ಇನ್ನು ನೌಕರರ ಸ್ವಂತ ತಾಪತ್ರಯ. ಶೋಕಾಸ್ ನೋಟಿಸು, ಇಲಾಖಾ ವಿಚಾರಣೆ, ಬಡ್ತಿ ತಪ್ಪಿದ್ದು, ಸಹೋದ್ಯೋಗಿಯ ಮೇಲಿನ ದೂರು, ಇಂಥವಕ್ಕೆ ಈ ಕಚೇರಿಗೆ ಸೊನ್ನೆ. ಇದು ನಿಂದೆಯಲ್ಲ, ಅವರ ಕೆಲಸದ ಸ್ವರೂಪವೇ ಹಾಗಿದೆ. ವಿಚಾರಣೆಯಲ್ಲಿ ಆಡಳಿತದ ಕಡೆಯಿಂದ ಕಡತ ಸಿದ್ಧಪಡಿಸುವವರೇ ಅವರು. 'ನಮ್ಮವರೇ ಅಲ್ಲವೇ' ಎಂದು ಹೋಗಿ ಮನಸ್ಸು ಬಿಚ್ಚಿ ಹೇಳಿಕೊಂಡದ್ದು ಮುಂದೆ ನಿಮ್ಮ ವಿರುದ್ಧದ ಟಿಪ್ಪಣಿಯಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. 1981ರ ಅಪ್‌ಜಾನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಅಲ್ಲಿನ ಸಂಸ್ಥೆಗಳ ವಕೀಲರು ನೌಕರರನ್ನು ಪ್ರಶ್ನಿಸುವ ಮುನ್ನ ಒಂದು ಎಚ್ಚರಿಕೆ ಹೇಳುವ ವಾಡಿಕೆ ಬಂದಿದೆ: ನಾನು ಸಂಸ್ಥೆಯ ವಕೀಲ, ಈ ಮಾತುಕತೆಯ ಗೌಪ್ಯತೆ ಸಂಸ್ಥೆಗೆ ಸೇರಿದ್ದು, ಬೇಕೆಂದರೆ ಸಂಸ್ಥೆ ಅದನ್ನು ಬಹಿರಂಗಪಡಿಸಬಹುದು. ಆ ಎಚ್ಚರಿಕೆ ಯಾರೂ ಹೇಳದಿದ್ದರೆ ನೀವೇ ಕೇಳಿ: 'ಈಗ ನೀವು ಯಾರ ಪರ?' ಉತ್ತರವನ್ನು ಬರೆದಿಟ್ಟುಕೊಳ್ಳಿ. ನೌಕರರ ಸಂಘದ ವಕೀಲರೋ ಸ್ವಂತ ವಕೀಲರೋ ಇಂಥ ಹೊತ್ತಿಗೆ ತಕ್ಕವರು.

ಕರ್ತವ್ಯದ ಮೇಲೆ ಮಾಡಿದ ಕೆಲಸಕ್ಕೆ ನಿಮ್ಮನ್ನೂ ಪ್ರತಿವಾದಿ ಮಾಡಿದರೆ ಮಾತು ಬೇರೆ. ಸದುದ್ದೇಶದಿಂದ, ಕೆಲಸದ ವ್ಯಾಪ್ತಿಯೊಳಗೆ ನಡೆದದ್ದಾದರೆ ನಿಮ್ಮ ಪರ ವಾದಿಸುವ ವೆಚ್ಚವನ್ನು ಹೊರುವ ನಿಯಮ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ. ಅದು ತಾನಾಗಿ ಸಿಗುವುದಿಲ್ಲ, ಬರಹದಲ್ಲಿ ಕೋರಿಕೆ ಸಲ್ಲಿಸಿ ಬರಹದಲ್ಲೇ ಉತ್ತರ ಪಡೆಯಬೇಕು. ಉತ್ತರದಲ್ಲಿ 'ಹಕ್ಕು ಕಾಯ್ದಿರಿಸಿಕೊಂಡು' ಎಂಬ ಮಾತಿದ್ದರೆ, ಅಷ್ಟಕ್ಕೇ ಪೂರ್ತಿ ರಕ್ಷಣೆ ಸಿಕ್ಕಿತೆಂದುಕೊಳ್ಳಬಾರದು. ನಡುವೆ ಕೈಬಿಡುವ ದಾರಿಯನ್ನು ಅವರು ಇಟ್ಟುಕೊಂಡಿದ್ದಾರೆ. ತಪ್ಪು ಸಂಸ್ಥೆಯದೋ ನಿಮ್ಮದೋ ಎಂಬುದೇ ಪ್ರಶ್ನೆಯಾದಾಗ ಒಂದೇ ವಕೀಲರು ಇಬ್ಬರಿಗೂ ವಾದಿಸಲಾಗದು, ಪ್ರತ್ಯೇಕ ವಕೀಲರನ್ನು ಕೇಳಲೇಬೇಕು.

ವಿದ್ಯಾರ್ಥಿಗಳ ದಾರಿಗಳು ಬೇರೆ. ಕೆಲವು ದೇಶಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ವಿದ್ಯಾರ್ಥಿ ಶುಲ್ಕದಿಂದ ನಡೆಯುವ ವಿದ್ಯಾರ್ಥಿ ಕಾನೂನು ಸೇವೆ ಎಂಬ ಪ್ರತ್ಯೇಕ ಕಚೇರಿಗಳಿವೆ. ಬಾಡಿಗೆ ಕರಾರು, ಮನೆ ಮಾಲೀಕರು ಹಿಂದಿರುಗಿಸದ ಮುಂಗಡ, ಸಣ್ಣಪುಟ್ಟ ಸಂಚಾರ ಪ್ರಕರಣ, ನೋಟರಿ, ಸಾಲ ವಸೂಲಿಯವರ ಕಾಟ, ಇವಕ್ಕೆ ಇವು ಬಹಳ ಚೆನ್ನಾಗಿವೆ. ಸ್ವಂತ ವಿಶ್ವವಿದ್ಯಾಲಯದ ವಿರುದ್ಧದ ಪ್ರಕರಣ, ವಿದ್ಯಾರ್ಥಿ ವಿದ್ಯಾರ್ಥಿಯ ನಡುವಿನ ಜಗಳ, ಇವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೋದ ಕೂಡಲೇ ಎದುರು ಕಕ್ಷಿಯ ಪೂರ್ತಿ ಹೆಸರು ಕೇಳುತ್ತಾರೆ. ಅದು ಕುತೂಹಲಕ್ಕಲ್ಲ, ಆ ಎದುರಿನವರು ಮೊದಲೇ ಇಲ್ಲಿಗೆ ಬಂದು ಸಲಹೆ ಪಡೆದಿದ್ದರೆ ನಿಮ್ಮನ್ನು ತೆಗೆದುಕೊಳ್ಳುವಂತಿಲ್ಲ. ಒಂದೇ ಮನೆ ಹಂಚಿಕೊಂಡ ಇಬ್ಬರ ನಡುವೆ ಬಾಡಿಗೆ ತಗಾದೆ ಬಂದರೆ ಮೊದಲು ಹೋದವರಿಗೇ ಬಾಗಿಲು. ಸಹಿಯಾದ ಕರಾರಿನ ಎಲ್ಲ ಪುಟಗಳು, ಹಣ ಕಟ್ಟಿದ ರಸೀದಿ, ಮನೆಗೆ ಬಂದ ದಿನವೂ ಬಿಟ್ಟ ದಿನವೂ ತೆಗೆದ ಫೋಟೋ, ಸಂದೇಶಗಳು ದಿನಾಂಕದ ಅನುಕ್ರಮದಲ್ಲಿ, ಇಷ್ಟು ತೆಗೆದುಕೊಂಡು ಹೋದರೆ ಅರ್ಧ ಗಂಟೆಯ ಭೇಟಿಯೂ ಸಾರ್ಥಕ.

ವಿಶ್ವವಿದ್ಯಾಲಯದ ವಿರುದ್ಧವೇ ದೂರಿದ್ದರೆ ಒಂಬುಡ್ಸ್ ಕಚೇರಿ, ಅಂದರೆ ದೂರು ಆಲಿಸುವ ಕಚೇರಿ. ಇಲ್ಲೊಂದು ಅಪಾಯ ಇದೆ. ಅಮೆರಿಕದಂಥ ಕಡೆ ಇದು ಗುಟ್ಟು ಕಾಪಾಡುವ, ತಟಸ್ಥವಾದ, ಅನೌಪಚಾರಿಕ ಕಚೇರಿ. ಅಲ್ಲಿ ಹೇಳಿಕೊಂಡದ್ದು ಸಂಸ್ಥೆಗೆ ದೂರು ಕೊಟ್ಟಂತೆ ಲೆಕ್ಕವಾಗುವುದಿಲ್ಲ, ವಾಯಿದೆ ನಿಲ್ಲುವುದೂ ಇಲ್ಲ. ಅಲ್ಲಿ ಸಮಾಧಾನದ ಮಾತು ಕೇಳುತ್ತ ಕೂತು ಮೇಲ್ಮನವಿಯ ದಿನ ಕಳೆದುಕೊಂಡವರಿದ್ದಾರೆ. ಭಾರತದಲ್ಲಿ ಇದು ಔಪಚಾರಿಕ ಮೇಲ್ಮನವಿ ಪ್ರಾಧಿಕಾರ: ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಗಳ ಪ್ರಕಾರ ಮೊದಲು ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು, ಅದು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ತೃಪ್ತಿಯಾಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ, ಅವರು 30 ದಿನದೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕು. ಬರೀ ಮರುಮೌಲ್ಯಮಾಪನ ಬೇಕೆಂದು ಹೋದರೆ ತೆಗೆದುಕೊಳ್ಳುವುದಿಲ್ಲ, ಫಲಿತಾಂಶ ಕೆಡಿಸಿದ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸ್ವತಂತ್ರ ತೀರ್ಪುಗಾರರ ಕಚೇರಿಯಾದ ಒಐಎ ವಿದ್ಯಾರ್ಥಿಯಿಂದ ಶುಲ್ಕ ಕೇಳುವುದಿಲ್ಲ. ಆಂತರಿಕ ಪ್ರಕ್ರಿಯೆ ಮುಗಿಯಿತೆಂದು ವಿಶ್ವವಿದ್ಯಾಲಯ ಕೊಡುವ ಪತ್ರದ ದಿನಾಂಕದಿಂದ 12 ತಿಂಗಳೊಳಗೆ ಹೋಗಬೇಕು. ಅಲ್ಲಿಯೂ ಉತ್ತರಕ್ಕೆ ಎಷ್ಟು ಅಂಕ ಸಲ್ಲಬೇಕು ಎಂಬಂಥ ಶೈಕ್ಷಣಿಕ ತೀರ್ಮಾನವನ್ನು ಪ್ರಶ್ನಿಸುವಂತಿಲ್ಲ, ಅನುಸರಿಸಿದ ಕ್ರಮವನ್ನು ಪ್ರಶ್ನಿಸಬಹುದು. ಆದ್ದರಿಂದ ದೂರಿನಲ್ಲಿ 'ನನಗೆ ಅನ್ಯಾಯವಾಗಿದೆ' ಎನ್ನುವುದಕ್ಕಿಂತ 'ಇಂತಿಂಥ ನಿಯಮದ ಪ್ರಕಾರ ನನ್ನ ಉತ್ತರ ಕೇಳಬೇಕಿತ್ತು, ಕೇಳಲಿಲ್ಲ, ಆದೇಶದ ದಿನಾಂಕ ಇದು' ಎಂದು ಬರೆದರೆ ಕೆಲಸವಾಗುತ್ತದೆ.

ಕಾನೂನು ಕಾಲೇಜಿನ ಉಚಿತ ಕಾನೂನು ನೆರವಿನ ಕ್ಲಿನಿಕ್ಕುಗಳೂ ಇವೆ. ಕಡತವನ್ನು ಅಕ್ಷರ ಬಿಡದೆ ಓದುವ ತಾಳ್ಮೆ ಅಲ್ಲಿನ ವಿದ್ಯಾರ್ಥಿಗಳಿಗಿದೆ, ಮೇಲೊಬ್ಬ ಅಧ್ಯಾಪಕರ ನಿಗಾ ಇರುತ್ತದೆ. ಪರೀಕ್ಷೆ ಬಂತೆಂದರೆ ಕೆಲಸ ನಿಲ್ಲುತ್ತದೆ, ಸೆಮಿಸ್ಟರ್ ಮುಗಿದೊಡನೆ ಕಡತ ಹೊಸಬರ ಕೈಗೆ ಹೋಗುತ್ತದೆ. ವಾರದೊಳಗೆ ಉತ್ತರ ಕೊಡಬೇಕಾದ ನೋಟಿಸಿಗೆ ಈ ಬಾಗಿಲು ಬೇಡ. ವರ್ಷದಿಂದ ಅಂಗಲಾಚುತ್ತಿರುವ ವಿದ್ಯಾರ್ಥಿವೇತನದ ಬಾಕಿಗೋ ತಿದ್ದಬೇಕಾದ ದಾಖಲೆಗೋ ಧೈರ್ಯವಾಗಿ ಹೋಗಬಹುದು.